ಐವತ್ತೆಂಟು ದಿನ

ಸೋಮವಾರ ಬೆಳಿಗ್ಗೆ ಒಂಬತ್ತು ಗಂಟೆ ಹತ್ತು ನಿಮಿಷಕ್ಕೆ ವಾರ್ಡ್ ಕಚೇರಿಯ ಗುಮಾಸ್ತೆ ಹೆರ್ಲಿನಾ ಎರಡು ಪ್ರತಿಗಳಲ್ಲಿದ್ದ ಒಂದು ಪತ್ರವನ್ನು ಸಹ್ರಾನಿಯ ಕೈಗೆ ಕೊಟ್ಟಳು. ಹುಡುಗ ಗಣಿಗುಂಡಿಯಲ್ಲಿ ಮುಳುಗಿ ಸತ್ತದ್ದು ಶನಿವಾರ ಮಧ್ಯಾಹ್ನ. ಅವನ ತಾಯಿಯ ಸಹಿ ಸೋಮವಾರ ಕಚೇರಿ ಮುಚ್ಚುವುದರೊಳಗೆ ಬೇಕಾಗಿತ್ತು.

ಸಹ್ರಾನಿ ಬೆಟ್ಟದ ಕೆಳಗಿನ ಓಣಿಯ ಆರ್‌ಟಿ, ಎಂದರೆ ನಲವತ್ತಮೂರು ಮನೆಗಳ ಮುಖ್ಯಸ್ಥ. ಸಂಬಳವಿಲ್ಲದ ಹುದ್ದೆ. ಹನ್ನೊಂದು ವರ್ಷಗಳಿಂದ ಅದನ್ನು ಬೇರೆ ಯಾರೂ ಕೇಳಿರಲಿಲ್ಲ. ಹೊಟ್ಟೆಪಾಡಿಗೆ ರಸ್ತೆಯ ತಿರುವಿನಲ್ಲಿ ಪಂಚರ್ ಅಂಗಡಿ ಇತ್ತು. ಕಚೇರಿಗೆ ಬರುವಾಗಲೆಲ್ಲ ಅವನು ಉಗುರಿನ ಸಂದಿಯ ಕಪ್ಪನ್ನು ಸೀಮೆಎಣ್ಣೆಯಲ್ಲಿ ತಿಕ್ಕಿ ತೊಳೆಯುತ್ತಿದ್ದ. ಆದರೂ ಕಾಗದ ಹಿಡಿದಾಗ ಅಂಚಿಗೆ ಗುರುತು ಬೀಳುತ್ತಿತ್ತು, ಇವತ್ತೂ ಬಿತ್ತು. ಹೆರ್ಲಿನಾ ಅದನ್ನು ನೋಡಿದಳು. ಬಾಳೆಲೆಯ ಪೊಟ್ಟಣ ಬಿಚ್ಚಿ ಅರಿಶಿನದನ್ನ ತಿನ್ನುತ್ತಿದ್ದಳು. ಅವನ ಮಗಳ ವಯಸ್ಸಿನವಳು. ಅವಳ ಮುಂದೆ ಪ್ರತಿಸಲ ಶಾಲೆಗೆ ತಡವಾಗಿ ಬಂದವನ ಹಾಗೆ ನಿಲ್ಲುವುದು ಯಾಕೆಂದು ಅವನಿಗೆ ತಿಳಿಯುತ್ತಿರಲಿಲ್ಲ.

"ಇಲ್ಲೇ ಓದ್ಕೊಂಡ್ಬಿಡಿ ಪಾಕ್ ಆರ್‌ಟಿ. ಅಲ್ಲಿ ಹೋಗಿ ತಡವರಿಸ್ಬೇಡಿ" ಎಂದಳು. ಹಿರಿಯ ಗಂಡಸರನ್ನು ಅಲ್ಲಿ ಪಾಕ್ ಎಂದೇ ಕರೆಯುವುದು.

ಅವನು ಓದಿದ. ಮೂರು ಸಾಲು. ಮಗುವಿನ ಮೇಲೆ ಗಮನವಿಡದ ತಾಯಿಯ ನಿರ್ಲಕ್ಷ್ಯವನ್ನು ಪೋಷಕರಾದ ನಾವು ಒಪ್ಪಿಕೊಳ್ಳುತ್ತೇವೆ. ಸ್ಥಳದಲ್ಲಿ ಎಚ್ಚರಿಕೆಯ ಫಲಕವಿತ್ತು. ನಡೆದದ್ದನ್ನು ದೇವರ ಇಚ್ಛೆಯೆಂದು ಮನಃಪೂರ್ವಕವಾಗಿ ಸ್ವೀಕರಿಸಿದ್ದೇವೆ, ಶವಪರೀಕ್ಷೆ ಬೇಡ, ಯಾರ ಮೇಲೂ ದೂರಿಲ್ಲ. ಕೆಳಗೆ ತಾಯಿಗೆ ಒಂದು ಜಾಗ, ತಂದೆಗೆ ಒಂದು, ಸಾಕ್ಷಿಯಾಗಿ ಆರ್‌ಟಿಗೆ ಒಂದು.

"ಎರಡನೇ ಸಾಲು..." ಎಂದ ಸಹ್ರಾನಿ.

"ಏನಾಗಿದೆ ಎರಡನೇ ಸಾಲಿಗೆ?"

"ಫಲಕ ಇತ್ತು ಅಂತಿದೆ."

ಹೆರ್ಲಿನಾ ಎಡಗೈಯಿಂದ ರಿಜಿಸ್ಟರ್ ಎಳೆದು, ಪುಟ ತಿರುವಿ, ಅವನ ಕಡೆ ತಳ್ಳಿದಳು. "ಇದು ಯಾರ ಸಹಿ ಪಾಕ್?"

"ನನ್ನದೇ."

"ಮತ್ತೆ? ನಾವು ಕೊಟ್ಟಿದ್ದೀವಿ, ನೀವು ತಗೊಂಡಿದ್ದೀರಿ. ಅಂದ್ಮೇಲೆ ಇತ್ತು." ಅವಳು ನಗುತ್ತಲೇ ಹೇಳಿದಳು. ಆಮೇಲೆ ದನಿ ತಗ್ಗಿಸಿ, "ಇದು ನಿಮಗೂ ಒಳ್ಳೇದಲ್ವಾ? ಸುಮ್ನೆ ಯಾಕೆ ಕೆದಕ್ತೀರಿ" ಎಂದಳು.

"ಆ ತಾಯಿ ಸಹಿ ಹಾಕ್ದೇ ಇದ್ರೆ?"

"ಹಾಕ್ತಾರೆ ಬಿಡಿ. ಹಾಕ್ಲಿಲ್ಲ ಅಂದ್ರೆ ಪೊಲೀಸರು ಕೇಸು ಮುಚ್ಚೋ ಹಾಗಿಲ್ಲ, ಗೋರಿ ತೆಗೆಸ್ತಾರೆ, ಪರೀಕ್ಷೆಗೆ. ಅದೊಂದು ಮಾತು ಹೇಳಿ ನೋಡಿ, ಯಾವ ತಾಯಿ ಹಾಕಲ್ಲ ಅಂತಾಳೆ. ಸಹಿ ಅರ್ಧ ಸ್ಟಾಂಪಿನ ಮೇಲೆ, ಅರ್ಧ ಕಾಗದದ ಮೇಲೆ ಬೀಳ್ಬೇಕು. ಹೋದ ಸಲ ಪಾಪ ಯಾರದೋ ಜಾಗದ ಪತ್ರ ಹಾಳು ಮಾಡಿದ್ರಲ್ಲ ನೀವು."

ರಿಜಿಸ್ಟರಿನಲ್ಲಿದ್ದ ತಾರೀಖಿನಿಂದ ಶನಿವಾರದವರೆಗೆ ಐವತ್ತೆಂಟು ದಿನ. ಬೈಕಿನಲ್ಲಿ ಹಿಂತಿರುಗುವಾಗ ಅವನು ಎರಡು ಸಲ ಎಣಿಸಿದ, ಕಡಿಮೆ ಬರಬಹುದೇನೋ ಎಂಬಂತೆ. ಕಲ್ಲಿದ್ದಲಿನ ಲಾರಿಗಳು ಎದುರಿನಿಂದ ಬರುತ್ತಿದ್ದವು, ಒಂದರ ಹಿಂದೆ ಒಂದು. ಅವನು ಪ್ರತಿ ಲಾರಿಗೂ ರಸ್ತೆಯಂಚಿನ ಮಣ್ಣಿಗಿಳಿದು ದಾರಿ ಬಿಟ್ಟ. ಫಲಕವನ್ನು ತಂದವರು ಗುಂಡಿಯವರೆಗೂ ಹೋಗಿರಲಿಲ್ಲ, ಅಂಗಡಿಯ ಮುಂದೆಯೇ ಇಳಿಸಿ ಹೋಗಿದ್ದರು. ತಗಡಿನ ಹಾಳೆ, ಒಂದೂಕಾಲು ಮೀಟರ್ ಅಗಲ, ಹಳದಿ ಬಣ್ಣ. ಕಂಬ ಇರಲಿಲ್ಲ, ಸಿಮೆಂಟು ಇರಲಿಲ್ಲ, ಮೊಳೆಯೂ ಇರಲಿಲ್ಲ. ನಾಳೆಯೇ ನೆಡೋಣ ಎಂದು ಅವನು ಅಂದುಕೊಂಡದ್ದು ನಿಜ. ಆದರೆ ಓಣಿಯ ಕೆಲಸವನ್ನು ಒಬ್ಬನೇ ಮಾಡುವ ಪದ್ಧತಿ ಅಲ್ಲಿಲ್ಲ. ಚರಂಡಿ ಬಾಚುವುದಿರಲಿ, ಮಸೀದಿಗೆ ಸುಣ್ಣ ಬಳಿಯುವುದಿರಲಿ, ಭಾನುವಾರ ಬೆಳಿಗ್ಗೆ ಮನೆಗೊಬ್ಬರಂತೆ ಗುದ್ದಲಿ ಹಿಡಿದು ಬರಬೇಕು, ಹೆಂಗಸರು ಕಾಫಿ ಕಾಸಬೇಕು, ಗೆಣಸು ಕರಿಯಬೇಕು. ಒಬ್ಬನೇ ಹೋಗಿ ಕಂಪನಿಯ ಗುಂಡಿಯ ಬಳಿ ಕಂಬ ನೆಟ್ಟವನನ್ನು ಜನ ಎರಡು ತಿಂಗಳು ಕಂಪನಿ ಕಡೆಯವನೆಂದು ಆಡಿಕೊಳ್ಳುತ್ತಾರೆ. ಹಿಂದಿನ ಓಣಿಯ ಆರ್‌ಟಿಗೆ ಹಾಗೆಯೇ ಆಗಿತ್ತು. ಅದಕ್ಕೆ ಅವನು ಭಾನುವಾರಕ್ಕೆ ಕಾದ. ಮೊದಲ ಭಾನುವಾರ ಒಂದು ಮದುವೆ. ಎರಡನೆಯದು ಮಳೆ. ಮೂರನೆಯದು ಏನಿತ್ತೆಂದು ಅವನಿಗೆ ಈಗ ನೆನಪಾಗಲಿಲ್ಲ, ಏನೂ ಇಲ್ಲದಿದ್ದಿರಬಹುದು. ಆಮೇಲೆ, ಹೇಗೂ ಸ್ವಾತಂತ್ರ್ಯ ದಿನಕ್ಕೆ ಇಡೀ ಓಣಿ ಸೇರುತ್ತದಲ್ಲ, ಆಗಲೇ ಮಾಡಿದರಾಯಿತು ಎಂದುಕೊಂಡ. ಹುಡುಗ ಸತ್ತಾಗ ಸ್ವಾತಂತ್ರ್ಯ ದಿನಕ್ಕೆ ಇನ್ನೂ ಹದಿನಾರು ದಿನ ಇತ್ತು.

ಮಧ್ಯೆ ಒಂದು ಸಂಜೆ ನದಿಯ ಕಡೆಯಿಂದ ಗಾಳಿ ಜೋರಾಗಿ ಬೀಸಿ ಟ್ಯೂಬಿಗೆ ತೇಪೆ ಸುಡುವ ಒಲೆ ಆರಿಹೋಗತೊಡಗಿದಾಗ, ಅವನು ಆ ತಗಡನ್ನು ಎಳೆದು ಒಲೆಗೆ ಮರೆಯಾಗಿ ನಿಲ್ಲಿಸಿದ್ದ. ಚೆನ್ನಾಗಿ ಹೊಂದಿಕೊಂಡಿತು. ಅಂದಿನಿಂದ ಅದು ಅಲ್ಲೇ ಇತ್ತು, ಅಕ್ಷರವಿದ್ದ ಮುಖ ಒಳಕ್ಕೆ. ಬೆಂಕಿಯ ಬಿಸಿಗೆ ಬಣ್ಣ ಗುಳ್ಳೆಯೆದ್ದಾಗ ಅವನು ತಗಡನ್ನು ಒಂದು ಗೇಣು ಹಿಂದಕ್ಕೆ ಸರಿಸಿದ್ದ. ಅಷ್ಟು ಕಾಳಜಿ ಮಾಡಿದ್ದ.

ಶನಿವಾರ ಎರಡು ಗಂಟೆಗೆ ಆ ಒಲೆಯ ಪಕ್ಕದಲ್ಲೇ ಫಹ್ಮಿ ನಿಂತಿದ್ದ. ಮಸಿತಾಳ ಮಗ, ಆರು ವರ್ಷ, ಮೇಲಿನ ಎರಡು ಹಲ್ಲು ಬಿದ್ದಿದ್ದವು. ಗಾಳಿಯಿಳಿದ ಚೆಂಡನ್ನು ಎರಡೂ ಕೈಯಲ್ಲಿ ಹಿಡಿದು, "ಅಜ್ಜಾ, ಇದಕ್ಕೂ ಪಂಚರ್ ಆಗಿದೆ" ಎಂದ. ಪಂಚರ್ ಆಗಿರಲಿಲ್ಲ. ಸಹ್ರಾನಿ ಸೂಜಿ ಹುಡುಕಿ ಗಾಳಿ ತುಂಬಿಕೊಟ್ಟ. ಜಾಸ್ತಿಯೇ ತುಂಬಿದ, ಹುಡುಗನಿಗೆ ಖುಷಿಯಾಗಲೆಂದು. ನೆಲಕ್ಕೆ ಒಗೆದರೆ ಚೆಂಡು ಹುಡುಗನ ತಲೆಗಿಂತ ಮೇಲಕ್ಕೆ ಹಾರಿತು. ಎಲ್ಲಿಗೆ ಹೊರಟೆ ಎಂದು ಅವನು ಕೇಳಿದನೇ? ಕೇಳಿದ್ದರೆ ಹುಡುಗ ಏನೆನ್ನುತ್ತಿದ್ದ? ಕೆರೆಗೆ ಎನ್ನುತ್ತಿದ್ದ, ಮಕ್ಕಳೆಲ್ಲ ಗುಂಡಿಗೆ ಕೆರೆ ಎಂದೇ ಅನ್ನುವುದು. ಕಡೆಯ ಮನೆಯಿಂದ ಗುಂಡಿಯ ಅಂಚಿಗೆ ಎಪ್ಪತ್ತು ಮೀಟರ್. ನಿಯಮದಲ್ಲಿ ಐನೂರು ಎಂದಿದೆ. ಕಲ್ಲಿದ್ದಲು ತೆಗೆದು ಮುಗಿದು ನಾಲ್ಕು ವರ್ಷವಾದರೂ ಮುಚ್ಚಿರಲಿಲ್ಲ, ಬೇಲಿ ಹಾಕಿರಲಿಲ್ಲ. ನೀರು ಗಿಳಿಹಸಿರು. ರಜೆಯ ದಿನ ಪೇಟೆಯಿಂದ ಜೋಡಿಗಳು ಫೋಟೋ ತೆಗೆಸಿಕೊಳ್ಳಲು ಬರುತ್ತಿದ್ದವು, ಬೈಕಿಗೆ ಗಾಳಿ ತುಂಬಿಸಿಕೊಂಡು ಹೋಗುತ್ತಿದ್ದವು. ಅಂಚಿನಲ್ಲಿ ಮೊಣಕಾಲುದ್ದ ನೀರು, ಎರಡು ಹೆಜ್ಜೆಯಾಚೆ ಇಪ್ಪತ್ತೆರಡು ಮೀಟರ್ ಆಳ. ಚೆಂಡು ಗಾಳಿ ತುಂಬಿ ಬಿಗಿಯಾಗಿದ್ದರಿಂದ ಆಚೆ ದಡದವರೆಗೆ ತೇಲಿಹೋಗಿತ್ತು. ರಕ್ಷಣಾ ದಳದವರು ಸಂಜೆ ಅದನ್ನೂ ತಂದುಕೊಟ್ಟರು.

ಶನಿವಾರ ಸಂಜೆ ಅವನು ಅಂಗಡಿ ಮುಚ್ಚಲು ಹೋದಾಗ ಒಲೆಯ ಹಿಂದೆ ತಗಡು ಇರಲಿಲ್ಲ. ಹೆಂಡತಿ ಜಹ್ರಾ ಅದನ್ನು ಒಯ್ದು ಮನೆಯ ಹಿಂದೆ ನೀರಿನ ಡ್ರಮ್ಮುಗಳ ಸಂದಿಯಲ್ಲಿಟ್ಟು, ಮೇಲೆ ಹಳೆಯ ಚಾಪೆ ಹೊದಿಸಿದ್ದಳು. ಅವನೂ ಕೇಳಲಿಲ್ಲ, ಅವಳೂ ಹೇಳಲಿಲ್ಲ. ಇಪ್ಪತ್ತೆಂಟು ವರ್ಷದ ಸಂಸಾರದಲ್ಲಿ ಅವಳು ಗಂಡನಿಗಾಗಿ ಮಾಡಿದ ಅತಿ ದೊಡ್ಡ ಕೆಲಸ ಇದೇ ಇರಬೇಕು ಎಂದು ಅವನಿಗೆ ಅನಿಸಿತು, ಹಾಗನಿಸಿದ್ದಕ್ಕೆ ನಾಚಿಕೆಯಾಯಿತು.

ಮಸಿತಾಳ ಮನೆಯಲ್ಲಿ ಮೂರನೇ ದಿನದ ಪ್ರಾರ್ಥನೆಗೆ ಅಡುಗೆ ನಡೆದಿತ್ತು. ಹಿತ್ತಿಲಿನಲ್ಲಿ ನಾಲ್ಕಾರು ಹೆಂಗಸರು ಗಂಜಿಗೆ ಕೋಳಿ ಬಿಡಿಸುತ್ತಿದ್ದರು. ಅವನನ್ನು ನೋಡಿ ಮಾತು ನಿಲ್ಲಿಸಿ, ಮತ್ತೆ ಶುರುಮಾಡಿದರು. ಗಂಡ ಅಸ್ನಾವಿ ಗೋಡೆಗೊರಗಿ ಚಾಪೆಯ ಮೇಲೆ ಕೂತಿದ್ದ. ನದಿಯ ಮೇಲುಕಡೆಯ ಬೇರೊಂದು ಗಣಿಯಲ್ಲಿ ಲಾರಿ ಓಡಿಸುತ್ತಿದ್ದವನು. ದೋಣಿ ತಡವಾಗಿ, ಅವನು ಬರುವಷ್ಟರಲ್ಲಿ ಮಣ್ಣು ಮಾಡಿ ಎರಡು ಗಂಟೆಯಾಗಿತ್ತು. ಮಗನ ಮುಖ ನೋಡಿರಲಿಲ್ಲ.

"ಬಾ ಆರ್‌ಟಿ. ಕಾಗದ ತಂದಿರ್ತೀಯ" ಎಂದ ಅಸ್ನಾವಿ. ಸಿಗರೇಟು ಆರಿಸಲಿಲ್ಲ. "ಹುಟ್ಟಿದಾಗ ಒಂದು ಕಾಗದ ತಂದಿದ್ದೆ, ಈಗೊಂದು. ನಿನಗೂ ಓಡಾಡಿ ಸಾಕಾಗಿರ್ಬೇಕು."

ಸಹ್ರಾನಿ ಕೂತ. ಮಸಿತಾ ಒಳಗಿನಿಂದ ಬಂದು ಬಾಗಿಲ ಬಳಿ ಕೂತಳು. ಅವಳ ಬಲಗೈಯ ಹೆಬ್ಬೆರಳಿನ ಸುಟ್ಟ ಗಾಯಕ್ಕೆ ಬಟ್ಟೆ ಸುತ್ತಿತ್ತು. "ಓದು ದೊಡ್ಡಪ್ಪ" ಎಂದಳು. ಅವಳಿಗೆ ಓದಲು ಬರುತ್ತಿತ್ತು. ಅವನು ಮೊದಲ ಸಾಲು ಓದಿದ. ನಿರ್ಲಕ್ಷ್ಯ ಎಂಬಲ್ಲಿ ದನಿ ತಗ್ಗಿಸಿದ. ಎರಡನೆಯ ಸಾಲನ್ನು ಬೇಗ ಓದಿದ, ಬೇಗ ಓದಿದ್ದು ತನ್ನ ಕಿವಿಗೇ ಕೇಳಿಸಿತು. ಮೂರನೆಯದನ್ನು ಓದಿ, ಹೆರ್ಲಿನಾ ಹೇಳಿಕೊಟ್ಟ ಮಾತನ್ನೂ ಹೇಳಿದ: ಸಹಿ ಇಲ್ಲದಿದ್ದರೆ ಗೋರಿ ತೆಗೆಯುತ್ತಾರೆ. ಹಿತ್ತಿಲಿನ ಮಾತು ಮತ್ತೆ ನಿಂತಿತು.

"ಹಾಕಿಬಿಡು" ಎಂದ ಅಸ್ನಾವಿ, ಹೆಂಡತಿಯ ಕಡೆ ನೋಡದೆ. "ಅವನನ್ನ ಮತ್ತೆ ಮುಟ್ಟೋದು ಬೇಡ."

"ಹಾಕ್ತೀನಿ. ಬರೆದಿರೋದು ಸರಿಯಾಗೇ ಇದೆಯಲ್ಲ." ಅವಳು ಸಹ್ರಾನಿಗೆ ಹೇಳಿದಳು, ಬೇರೊಬ್ಬಳ ಸುದ್ದಿ ಹೇಳುವಂತೆ. "ಬಾಳೆಹಣ್ಣು ಕರೀತಿದ್ದೆ. ಎರಡು ಗಂಟೆಗೆ ಮೂರು ಬಾಣಲೆ ಆಗ್ಬೇಕು, ಸ್ಕೂಲ್ ಬಿಡೋ ಹೊತ್ತು. ಇವನು ಬಂದು ಬಂದು ಸೆರಗು ಎಳೀತಾನೆ. ಎಣ್ಣೆ ಹತ್ರ ಬರ್ಬೇಡ, ಹೊರಗೆ ಹೋಗಿ ಆಡ್ಕೋ ಅಂತ ನಾನೇ ಗದರಿದ್ದು. ಸುಟ್ಕೋತಾನೇನೋ ಅಂತ. ಒಂದು ಸಲ ಅಲ್ಲ, ಮೂರು ಸಲ ಗದರಿದೆ. ಕಡೇ ಸಲ ಸೌಟು ತೋರಿಸ್ದೆ."

ಅವಳು ಪೆನ್ನು ತೆಗೆದುಕೊಂಡು ಎರಡೂ ಪ್ರತಿಗೆ ಸಹಿ ಹಾಕಿದಳು. ಹೆಬ್ಬೆರಳಿನ ಬಟ್ಟೆಯಿಂದಾಗಿ ಅಕ್ಷರ ಸೊಟ್ಟಗಾಯಿತು, ಆದರೆ ಸರಿಯಾಗಿ ಅರ್ಧ ಸ್ಟಾಂಪಿನ ಮೇಲೆ, ಅರ್ಧ ಕಾಗದದ ಮೇಲೆ ಬಿತ್ತು. ಯಾವ ಬಲವಂತವೂ ಬೇಕಾಗಲಿಲ್ಲ. ಅವನು ದಾರಿಯುದ್ದಕ್ಕೂ ಸಿದ್ಧಮಾಡಿಕೊಂಡು ಬಂದಿದ್ದ ಸಮಾಧಾನದ ಮಾತುಗಳಲ್ಲಿ ಒಂದೂ ಖರ್ಚಾಗಲಿಲ್ಲ. ಅವಳಿಗೆ ಸಹಿ ಹಾಕುವುದು ಬೇಕಾಗಿತ್ತು ಎಂದು ಅವನಿಗೆ ಹೊಳೆಯಿತು. ಈ ಮನೆಯಲ್ಲಿ ಎರಡು ದಿನದಿಂದ ಎಲ್ಲರೂ ಅವಳ ತಪ್ಪಲ್ಲ ಎಂದೇ ಹೇಳುತ್ತಿದ್ದಿರಬೇಕು. ಈ ಕಾಗದವೊಂದೇ ಅವಳು ನಂಬಿದ್ದನ್ನು ಹೇಳಿತ್ತು. ಅಸ್ನಾವಿಯೂ ಸಹಿ ಹಾಕಿ ಪತ್ರವನ್ನು ತಳ್ಳಿದ. ಇನ್ನು ಸಾಕ್ಷಿಯ ಸಹಿ ಮಾತ್ರ. ಹಾಕಿ ಎದ್ದು ಹೋದರೆ ಹನ್ನೊಂದೂವರೆಗೆ ಕಚೇರಿಯಲ್ಲಿರಬಹುದು. ಮಧ್ಯಾಹ್ನ ಅಂಗಡಿ ತೆಗೆಯಬಹುದು. ತಗಡನ್ನು ಯಾವತ್ತಾದರೂ ನದಿಗೆ ಹಾಕಬಹುದು.

"ಫಲಕ ಇರಲಿಲ್ಲ" ಎಂದ ಸಹ್ರಾನಿ.

"ಯಾವ ಫಲಕ?" ಎಂದಳು ಮಸಿತಾ.

"ಎರಡನೇ ಸಾಲಲ್ಲಿರೋದು. ಅದು ಗುಂಡಿ ಹತ್ರ ಇರಲಿಲ್ಲ. ನನ್ನ ಅಂಗಡೀಲಿತ್ತು. ಎರಡು ತಿಂಗಳಿಂದ. ನೆಡ್ಬೇಕು ಅಂತಿದ್ದೆ."

ಅಸ್ನಾವಿ ಮೊದಲ ಬಾರಿ ಅವನ ಮುಖ ನೋಡಿದ. "ನೆಡ್ಬೇಕು ಅಂತಿದ್ದೆ" ಎಂದು ಅವನದೇ ದನಿಯಲ್ಲಿ ಹೇಳಿದ. "ಎಲೆಕ್ಷನ್ ಚೀಟಿ ಹಂಚೋಕೆ ಬೆಳಗಿನ ಜಾವ ಬಾಗಿಲು ಬಡೀತೀಯ. ಬಾವುಟ ಕಟ್ಟಿಲ್ಲ ಅಂತ ಮನೆಮನೆಗೆ ಬಂದು ಬೈತೀಯ. ಒಂದು ಬೋರ್ಡು ನೆಡೋಕೆ ನಿನಗೆ ಮುಹೂರ್ತ ಸಿಗಲಿಲ್ವಾ?"

"ಸುಮ್ನಿರಿ" ಎಂದಳು ಮಸಿತಾ. ಆಮೇಲೆ ಸಹ್ರಾನಿಗೆ, ಸಮಾಧಾನ ಮಾಡುವ ದನಿಯಲ್ಲಿ, ಅದೇ ಅವನಿಗೆ ತಡೆಯಲಾಗದ್ದು, "ಇದ್ದಿದ್ರೂ ಏನಾಗ್ತಿತ್ತು ದೊಡ್ಡಪ್ಪ. ಅವನಿಗಿನ್ನೂ ಓದೋಕೆ ಬರ್ತಿರಲಿಲ್ಲ. ಈ ವರ್ಷ ತಾನೇ ಸ್ಕೂಲಿಗೆ ಸೇರ್ಸಿದ್ದು" ಎಂದಳು.

ಇಲ್ಲಿಗೆ ನಿಲ್ಲಿಸಬಹುದಿತ್ತು. ಅವಳು ಬಾಗಿಲು ತೆರೆದುಕೊಟ್ಟಿದ್ದಳು, ಅವನು ಹೊರಗೆ ಹೋಗಬಹುದಿತ್ತು.

"ಚಿತ್ರ ಇತ್ತು" ಎಂದ. "ನೀರಲ್ಲಿ ಕೈ ಎತ್ತಿರೋ ಒಬ್ಬ ಹುಡುಗ. ಮೇಲೆ ಕೆಂಪು ಗೆರೆ ಎಳೆದಿದ್ದಾರೆ."

ಮಸಿತಾ ಬಟ್ಟೆ ಸುತ್ತಿದ ಹೆಬ್ಬೆರಳನ್ನು ಇನ್ನೊಂದು ಕೈಯಲ್ಲಿ ಹಿಡಿದುಕೊಂಡಳು. "ಚಿತ್ರ ಇತ್ತಾ" ಎಂದಳು. ಅದು ಪ್ರಶ್ನೆಯಾಗಿರಲಿಲ್ಲ. "ಚಿತ್ರ ಗೊತ್ತಾಗ್ತಿತ್ತು ಅವನಿಗೆ. ಸಿಗರೇಟ್ ಸೇದ್ಬಾರ್ದು ಅಂತ ದೋಣಿ ಮೇಲೆ ಹಾಕಿರ್ತಾರಲ್ಲ, ಅದನ್ನ ನೋಡಿ ಅಪ್ಪನ ಕೈಯಿಂದ ಕಿತ್ಕೊಂಡಿದ್ದ." ಎದ್ದು ಹಿತ್ತಿಲಿಗೆ ಹೋದಳು. ಕೋಳಿ ಬಿಡಿಸುವ ಹೆಂಗಸರ ನಡುವೆ ಅವಳು ಕೂತದ್ದು, ಯಾರೋ ಅವಳ ಮುಂದೆ ತಟ್ಟೆ ಸರಿಸಿದ್ದು ಕಾಣಿಸಿತು.

ಅಸ್ನಾವಿ ಬಾಗಿಲು ತೋರಿಸಿದ. ಸಹ್ರಾನಿ ಏಳುವ ಮುಂಚೆ ಪತ್ರವನ್ನು ತೊಡೆಯ ಮೇಲಿಟ್ಟುಕೊಂಡು, ಸಾಕ್ಷಿಯ ಸಹಿಯ ಜಾಗದಲ್ಲಿ ಕೈಬರಹದಲ್ಲಿ ಬರೆದ: ಫಲಕ ನನ್ನ ಬಳಿ ಐವತ್ತೆಂಟು ದಿನ ಇತ್ತು. ನಾನು ನೆಡಲಿಲ್ಲ. ಎರಡೂ ಪ್ರತಿಯಲ್ಲಿ ಬರೆದು ಸಹಿ ಮಾಡಿದ. ಬರೆದಾದ ಮೇಲೆ ಒಂದು ಕ್ಷಣ ಅವನಿಗೆ ಹಗುರವೆನಿಸಿತು. ಮರುಕ್ಷಣ, ಹಗುರವಾಗಲಿಕ್ಕೆಂದೇ ಇದನ್ನು ಮಾಡಿದೆನೇ, ಸತ್ತ ಹುಡುಗನ ಮನೆಗೆ ಬಂದು ತನ್ನ ಭಾರ ಇಳಿಸಿ ಹೋಗುತ್ತಿದ್ದೇನೆಯೇ ಎಂದು ಅನುಮಾನ ಹುಟ್ಟಿತು. ಅದು ಕಚೇರಿಯವರೆಗೂ ಅವನ ಜೊತೆಗೆ ಬಂತು.

"ಯಾರಾದ್ರೂ ಹೀಗೆ ಗೀಚ್ತಾರಾ ಪಾಕ್?" ಎಂದಳು ಹೆರ್ಲಿನಾ. ಕಾಗದವನ್ನು ಬೆಳಕಿಗೆ ಹಿಡಿದು ನೋಡಿದಳು, ಅಳಿಸಬಹುದೇನೋ ಎಂದು. "ಎರಡು ಸ್ಟಾಂಪು ದಂಡ." ಒಳಗೆ ಹೋಗಿ ಸಾಹೇಬರ ಕೋಣೆಯಲ್ಲಿ ಇಪ್ಪತ್ತು ನಿಮಿಷ ಇದ್ದಳು. ಅವನು ಬೆಂಚಿನ ಮೇಲೆ ಕೂತು, ಗೋಡೆಯ ಮೇಲೆ ಅಂಟಿಸಿದ್ದ ಲಸಿಕೆಯ ತಾರೀಖುಗಳನ್ನು ಓದಿದ. ಒಳಗೆ ಬೈಗುಳ ಕೇಳಬಹುದೆಂದು ಕಾದ, ಕೇಳಿದ್ದರೆ ಸಮಾಧಾನವಾಗುತ್ತಿತ್ತು. ಬಾಗಿಲು ತೆರೆದಾಗ ಸಾಹೇಬರೇ ಬಂದು ಅವನ ಭುಜ ತಟ್ಟಿದರು. "ಪ್ರಾಮಾಣಿಕತೆ ಮೆಚ್ಚಿದೆ ಪಾಕ್ ಆರ್‌ಟಿ. ಹೀಗಿರಬೇಕು. ಹೊಸ ಪತ್ರ ಮಾಡಿಸೋಣ, ನೀವು ಹೇಳಿದ ಹಾಗೇ." ಭುಜದ ಮೇಲಿನ ಕೈ ಬೆಚ್ಚಗಿತ್ತು. ಎಷ್ಟೋ ಹೊತ್ತಿನವರೆಗೆ ಆ ಜಾಗ ಬೆಚ್ಚಗೇ ಇತ್ತು.

ಹೊಸ ಪತ್ರ ಶುಕ್ರವಾರ ಬಂತು, ಏಳನೇ ದಿನದ ಪ್ರಾರ್ಥನೆಯ ದಿನ. ಅದರಲ್ಲಿ ಮೊದಲೆರಡು ಸಾಲು ಬದಲಾಗಿದ್ದವು. ತಾಯಿ ಮಗುವಿನ ಮೇಲೆ ಗಮನವಿಡದ ನಿರ್ಲಕ್ಷ್ಯದಿಂದ, ಮತ್ತು ಆರ್‌ಟಿ ಸಹ್ರಾನಿ ತನಗೆ ಒಪ್ಪಿಸಿದ ಫಲಕವನ್ನು ನೆಡದ ನಿರ್ಲಕ್ಷ್ಯದಿಂದ, ಎಂದು ಅಚ್ಚುಕಟ್ಟಾಗಿ ಟೈಪಾಗಿತ್ತು. ಎಪ್ಪತ್ತು ಮೀಟರಿನ ಮಾತಿರಲಿಲ್ಲ. ಬೇಲಿಯ ಮಾತಿರಲಿಲ್ಲ. ಗುಂಡಿಯನ್ನು ಯಾರು ತೋಡಿದರು, ಯಾರು ಪರವಾನಗಿ ಕೊಟ್ಟರು, ಯಾರು ಬಂದು ನೋಡಬೇಕಿತ್ತು ಎಂಬುದೂ ಇರಲಿಲ್ಲ. ಗುಂಡಿ ತಾನಾಗಿ ಆದ ಹಾಗಿತ್ತು. ಸಹ್ರಾನಿ ತನ್ನ ಹೆಸರಿನ ಮುಂದೆ ಸಹಿ ಹಾಕಿದ. ಬರೆದದ್ದರಲ್ಲಿ ಸುಳ್ಳೇನೂ ಇರಲಿಲ್ಲ. ಪ್ರಾರ್ಥನೆ ಮುಗಿದು ಜನ ಕರಗಿದ ಮೇಲೆ, ಸಂಜೆ ಐದಕ್ಕೆ, ಅದನ್ನು ಮಸಿತಾಳ ಮುಂದಿಟ್ಟ.

ಈ ಸಲ ಅವಳೇ ಓದಿದಳು. ಬೆರಳಿನ ಬಟ್ಟೆ ಬಿಚ್ಚಿದ್ದಳು, ಹೊಸ ಚರ್ಮ ಬಂದಿತ್ತು. ಮೇಲಿನಿಂದ ಕೆಳಗೆ ಓದಿ, ಮತ್ತೆ ಮೇಲಿನಿಂದ ಓದಿದಳು. ಅಸ್ನಾವಿ ಪೆನ್ನು ಹಿಡಿದು ಕಾದಿದ್ದ. ನಾಳೆ ಬೆಳಿಗ್ಗೆ ಅವನಿಗೆ ದೋಣಿಯಿತ್ತು.

"ಇದಕ್ಕೆ ನಾನು ಹಾಕಲ್ಲ" ಎಂದಳು.

"ಹೋದ ಸಲ ಹಾಕಿದ್ಯಲ್ಲ" ಎಂದ ಅಸ್ನಾವಿ.

"ಆವತ್ತು ಒಬ್ಬಳದೇ ಅಂತಿತ್ತು. ಒಬ್ಬಳದೇ ಆದ್ರೆ ಮುಗೀತು, ನನ್ನ ಮಗ, ನನ್ನ ತಪ್ಪು. ಈಗ ಇಬ್ಬರು ಅಂತ ಬರೆದಿದ್ದಾರೆ. ಇಬ್ಬರು ಅಂದ್ಮೇಲೆ ಎಷ್ಟು ಜನ ಅಂತ ಎಣಿಸ್ಬೇಕಲ್ಲ. ಇವರು ಎರಡಕ್ಕೇ ಯಾಕೆ ನಿಲ್ಲಿಸಿದ್ರು?"

"ಹಾಕ್ದಿದ್ರೆ ಏನ್ಮಾಡ್ತಾರೆ ಗೊತ್ತಲ್ಲ ನಿನಗೆ."

"ಗೊತ್ತು."

"ಮಸಿತಾ, ಮಗು ಅದು."

"ನನಗೆ ಗೊತ್ತಿಲ್ವಾ" ಎಂದಳು ಅವಳು. ದನಿ ಏರಲಿಲ್ಲ. ಪತ್ರವನ್ನು ಎರಡಾಗಿ ಮಡಚಿ ಸಹ್ರಾನಿಯ ಕೈಗೆ ವಾಪಸು ಕೊಟ್ಟಳು. "ದೊಡ್ಡಪ್ಪ, ನೀನು ಬರೆಯದೇ ಇದ್ದಿದ್ರೆ ನನಗೆ ಇಷ್ಟು ಕಷ್ಟ ಇರ್ತಿರಲಿಲ್ಲ. ನಿನ್ನನ್ನ ಬೈಬೇಕೋ ಏನು ಮಾಡ್ಬೇಕೋ ನನಗೆ ಗೊತ್ತಾಗ್ತಿಲ್ಲ. ಹೋಗು ಈಗ."

ಅವನು ಹೋಗಲಿಲ್ಲ, ಹೋಗಲಾಗಲಿಲ್ಲ. ಅಂಗಳದ ಮೆಟ್ಟಿಲಿಳಿದು ಅಲ್ಲೇ ನಿಂತ. ಒಳಗೆ ಅಸ್ನಾವಿ ಮೊದಲು ಗದರಿದ, ಆಮೇಲೆ ಬೇಡಿಕೊಂಡ, ಆಮೇಲೆ ಅತ್ತ. ನಾನು ಅವನ ಮುಖ ಕೂಡ ನೋಡಿಲ್ಲ ಕಣೇ ಎಂದದ್ದು ಹೊರಗೆ ಸ್ಪಷ್ಟವಾಗಿ ಕೇಳಿಸಿತು. ಆ ಮಾತಿನ ಅರ್ಥ ತೆಗೆಯಬೇಡ ಎನ್ನುವುದೋ, ತೆಗೆದರೆ ನೋಡಬಹುದು ಎನ್ನುವುದೋ, ಅಸ್ನಾವಿಗೂ ತಿಳಿದಿರಲಾರದು. ಮಸಿತಾಳ ದನಿ ಕೇಳಲಿಲ್ಲ. ಸಹ್ರಾನಿ ಕೈಯಲ್ಲಿದ್ದ ಪತ್ರ ನೋಡಿದ. ತನ್ನದೊಂದೇ ಸಹಿ, ಸ್ಟಾಂಪಿನ ಮೇಲೆ ಸರಿಯಾಗಿ ಬಿದ್ದಿತ್ತು. ಅವನು ಬರೆದ ಎರಡು ವಾಕ್ಯ ಒಂದು ಮಗುವಿನ ಗೋರಿಯವರೆಗೆ ನಡೆದುಹೋಗುತ್ತಿತ್ತು. ಬರೆಯದೆ ಇದ್ದಿದ್ದರೆ ಅದು ಮುಚ್ಚಿದ್ದಂತೆಯೇ ಇರುತ್ತಿತ್ತು, ಹೊಣೆಯೆಲ್ಲ ಬಾಳೆಹಣ್ಣು ಕರಿಯುವ ಹೆಂಗಸಿನ ತಲೆಯ ಮೇಲೆ. ಇವೆರಡರಲ್ಲಿ ಯಾವುದು ಕಡಿಮೆ ಕೆಟ್ಟದ್ದೆಂದು ಅವನು ಯೋಚಿಸಿದ. ಓಣಿಯಲ್ಲಿ ಮಕ್ಕಳು ಆಟ ಮುಗಿಸಿ ಮನೆಗೆ ಹೋಗುತ್ತಿದ್ದರು. ಒಂದೊಂದು ಬಾಗಿಲಿನಿಂದ ಒಬ್ಬೊಬ್ಬ ತಾಯಿ ಹೆಸರು ಹಿಡಿದು ಕೂಗುತ್ತಿದ್ದಳು. ಅವನು ಅರಿವಿಲ್ಲದೆ ಹೆಸರುಗಳನ್ನು ಲೆಕ್ಕ ಹಾಕುತ್ತಿದ್ದ, ಎಲ್ಲರೂ ಬಂದರೇ ಎಂದು.

ಗೋರಿ ತೆಗೆದದ್ದು ಅದಾದ ಹದಿಮೂರನೇ ದಿನ, ಗುರುವಾರ ಬೆಳಿಗ್ಗೆ ಏಳು ಗಂಟೆಗೆ. ಆರ್‌ಟಿ ಹಾಜರಿರಬೇಕೆಂಬ ನಿಯಮವಿದ್ದುದರಿಂದ ಸಹ್ರಾನಿಯನ್ನು ಕರೆಸಿದ್ದರು. ನೀಲಿ ಟಾರ್ಪಾಲಿನ ಮರೆಗೆ ನಾಲ್ಕು ಕಂಬಗಳಿದ್ದವು, ಜನ ಮೂವರೇ ಇದ್ದರು. ನಾಲ್ಕನೆಯ ಕಂಬವನ್ನು ಅವನು ಹಿಡಿದ. ಅಸ್ನಾವಿ ಖಬರಸ್ಥಾನದ ಗೇಟಿನ ಹೊರಗೆ ಉಳಿದ. ಮಸಿತಾ ಒಳಗೆ ಬಂದು ಕೊನೆಯವರೆಗೂ ನಿಂತಿದ್ದಳು. ವೈದ್ಯರು ಬರೆದ ಕಾರಣ, ನೀರಿನಲ್ಲಿ ಮುಳುಗಿ ಉಸಿರುಗಟ್ಟಿ. ಎಂಟೂಕಾಲಿಗೆ ಮಣ್ಣು ಮುಚ್ಚಿದರು. ಹತ್ತು ಗಂಟೆಗೆ ಪೊಲೀಸ್ ಠಾಣೆಯಲ್ಲಿ ಪ್ರಕರಣದ ಮೊದಲ ಹೇಳಿಕೆ ದಾಖಲಾಯಿತು. ಅದು ಸಹ್ರಾನಿಯದು. ಗಣಿ ಕಂಪನಿಗೆ ನೋಟಿಸು ಹೋದದ್ದು ಹದಿನೆಂಟು ದಿನಗಳ ನಂತರ.